ಡಯಾನಾ ರಿಗ್ ಗೆದ್ದ ಟೂರ್ನಮೆಂಟು: ನನ್ನ ಅನುಭವ

ಜೇಮ್ಸ್ ಬಾಂಡ್ ಚಿತ್ರಗಳ ನಟಿಯರಿಗೆ ಟೂರ್ನಮೆಂಟ್ ಇಡುತ್ತೇನೆ ಅಂದಾಗ ನಮ್ಮ ಬಳಗದವರೆಲ್ಲ ಹೇಳಿದ್ದು ಒಂದೇ ಮಾತು. 'ನೀನು ಏನೇ ಮಾಡು, ಗೆಲ್ಲೋದು ಇವಾ ಗ್ರೀನ್. ಅದಕ್ಕೆ ಪ್ರೊಜೆಕ್ಟರ್ ಬಾಡಿಗೆ ಬೇರೆ ದಂಡ.' ಗ್ರೀನ್ ಅಂದರೆ 2006ರ 'ಕ್ಯಾಸಿನೋ ರಾಯಲ್'ನ ನಾಯಕಿ. ಆದರೆ ಗೆದ್ದಿದ್ದು ಡಯಾನಾ ರಿಗ್. 1969ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' ಚಿತ್ರದ ನಟಿಯನ್ನು ಮೈಸೂರಿನ ಕುವೆಂಪುನಗರದ ಒಂದು ತಾರಸಿಯ ಮೇಲೆ ನಲವತ್ತು ಚಿಲ್ಲರೆ ಜನ ಚೀಟಿ ಹಾಕಿ ಗೆಲ್ಲಿಸಿದರು. ಅದರಲ್ಲಿ ಅರ್ಧ ಜನ ಮೂವತ್ತು ದಾಟದವರು. ಹೇಗೆ ಮಾಡಿದೆ ಅಂತ ಕೇಳಿದವರಿಗೆಲ್ಲ ಫೋನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದು ಬಿಡುತ್ತಿದ್ದೇನೆ. ಸೋತವರು ಹೊರಗೆ ಅನ್ನುವ ನಾಕೌಟ್, ಬಲ ನೋಡಿ ಜಾಗ ಕೊಡುವ ಸೀಡಿಂಗ್, ಜೋಡಿ ಆರಿಸಲು ಡ್ರಾ ಎತ್ತುವುದು ಇವೆಲ್ಲ ನಿಮಗೆ ಗೊತ್ತಿರುತ್ತೆ. ಅದರ ತಂಟೆಗೆ ಹೋಗುವುದಿಲ್ಲ.

ಮೊದಲು ಕೆಟ್ಟಿದ್ದೆಲ್ಲ ಹೇಳುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಓಟು ಕೇಳುವುದು ಎಲ್ಲರೂ ಮಾಡುವ ಕೆಲಸ. ಅದರಲ್ಲಿ ಗೆಲ್ಲುವುದು ಮುಖ ಪರಿಚಯ, ಅಷ್ಟೇ. ಲಿಂಕ್ ಯಾರೋ ಒಂದು ಹಾಸ್ಟೆಲ್ ಗ್ರೂಪಿಗೆ ತಳ್ಳಿದರು. ರಾತ್ರಿ ಬೆಳಗಾಗುವುದರೊಳಗೆ ಒಂದೇ ಹೆಸರಿಗೆ ನಾನೂರು ಓಟು! ಒಂದು ಚಿತ್ರವನ್ನೂ ನೋಡದವರ ಓಟು ಅವೆಲ್ಲ. ಆಮೇಲೆ ಸರಸ್ವತಿಪುರಂ ಕಡೆ ಒಂದು ಸಣ್ಣ ಹಾಲ್ ಹಿಡಿದೆ. ಅಡ್ವಾನ್ಸ್ ಸಾವಿರದೈನೂರು. ಆ ದಿನ ಹೋಗಿ ನೋಡಿದರೆ ಅಲ್ಲಿ ನಾಮಕರಣದ ಊಟ ಬಡಿಸುತ್ತಿದ್ದಾರೆ. ದುಡ್ಡು ಇವತ್ತಿಗೂ ಬಂದಿಲ್ಲ. ಇನ್ನೊಂದು ಸಲ ಮೂವತ್ತೆರಡು ನಟಿಯರ ಆಟವನ್ನೂ ಒಂದೇ ದಿನ ಮುಗಿಸುವ ಲೆಕ್ಕ ಹಾಕಿದ್ದೆವು. ಮಧ್ಯಾಹ್ನ ಕರೆಂಟು ಹೋಯಿತು, ಸಂಜೆ ಮಳೆ ಬಂತು. ಕ್ವಾರ್ಟರ್ ಫೈನಲ್‌ಗೆ ಓಟು ಹಾಕಲು ಉಳಿದವರು ಆರು ಜನ, ಅದರಲ್ಲಿ ಇಬ್ಬರು ಮನೆಯವರು.

ಕೊನೆಗೆ ಕೈ ಹಿಡಿದದ್ದು ಎರಡು ಸಂಗತಿ. ಒಂದು, ಕಾಲದ ಪ್ರಕಾರ ಗುಂಪು. 1962ರ 'ಡಾಕ್ಟರ್ ನೋ'ದಿಂದ 2021ರ 'ನೋ ಟೈಮ್ ಟು ಡೈ' ತನಕ ಅಧಿಕೃತ ಸರಣಿಯಲ್ಲಿ 25 ಚಿತ್ರ. ಅರವತ್ತರ ದಶಕದ ಆರು, ಎಪ್ಪತ್ತರ ಐದು, ಎಂಬತ್ತರ ಐದು, 1995ರಿಂದ ಈಚೆಗೆ ಒಂಬತ್ತು. ಗುಂಪಿಗೆ ಎಂಟು ನಟಿಯರು, ಗುಂಪಿಗೊಂದು ಭಾನುವಾರ. ಹಳಬರು ಹಳಬರ ಜೊತೆಗೇ ಆಡುತ್ತಾರೆ, ಹೊಸಬರು ಹೊಸಬರನ್ನೇ ಕಡಿಯುತ್ತಾರೆ. ನಾಲ್ಕು ಗುಂಪಿನ ನಾಲ್ವರು ಕೊನೆಯ ಭಾನುವಾರ ಸೇರುತ್ತಾರೆ.

ಎರಡನೆಯದು ಚೀಟಿಯ ಮೇಲಿನ ಪ್ರಶ್ನೆ. 'ಯಾರು ಇಷ್ಟ?' ಅಂತ ಕೇಳಿದರೆ ಕಥೆ ಮುಗಿಯಿತು, ಅದು ಸೌಂದರ್ಯ ಸ್ಪರ್ಧೆ ಆಗುತ್ತೆ. ನಾನು ಬರೆಸಿದ್ದು: 'ಯಾರನ್ನು ತೆಗೆದರೆ ಸಿನಿಮಾ ಬೀಳುತ್ತೆ?' ಎದುರಾದ ಇಬ್ಬರು ನಟಿಯರದೂ ಮೂರು ಮೂರು ನಿಮಿಷದ ತುಣುಕು ತೋರಿಸುವುದು, ಚೀಟಿಯಲ್ಲಿ ಒಬ್ಬರಿಗೆ ಗುರುತು ಹಾಕಿ ಸ್ವೀಟ್ ಡಬ್ಬಿಯೊಳಗೆ ಹಾಕುವುದು. ಎರಡೂ ತುಣುಕು ನೋಡದವರಿಗೆ ಚೀಟಿ ಇಲ್ಲ. ಕೈ ಎತ್ತುವುದು ಪೂರ್ತಿ ಬಂದ್. ಕೈ ಎತ್ತಿಸಿದರೆ ಮುಂದಿನ ಸಾಲಿನವರನ್ನು ನೋಡಿ ಹಿಂದಿನ ಸಾಲು ಎತ್ತುತ್ತೆ.

ತುಣುಕು ಆರಿಸುವುದರಲ್ಲೇ ಇರುವುದು ಕಸರತ್ತು. ಎಲ್ಲ ನನ್ನ ಸ್ವಂತ ಡಿವಿಡಿ. ಡಯಾನಾ ರಿಗ್ ಅವರದು ಎಲ್ಲರೂ ತೋರಿಸುವುದು ಕೊನೆಯ ದೃಶ್ಯ, ಮದುವೆಯಾಗಿ ಹೊರಟ ಕಾರಿನಲ್ಲಿ ಗುಂಡು ಬೀಳುವುದು. ನಾನು ಅದನ್ನು ಮುಟ್ಟಲೇ ಇಲ್ಲ. ಸಾವು ತೋರಿಸಿದರೆ ಅಯ್ಯೋ ಪಾಪ ಅಂತ ಓಟು ಬೀಳುತ್ತೆ. ಬದಲಿಗೆ ಹಿಮದ ಊರಿನ ಜಾತ್ರೆ ಹಾಕಿದೆ. ಬಾಂಡ್ ಓಡಿ ಓಡಿ ಸುಸ್ತಾಗಿ, ಕೋಟಿನ ಕಾಲರ್ ಎತ್ತಿಕೊಂಡು, ಸ್ಕೇಟಿಂಗ್ ಅಂಗಳದ ಪಕ್ಕ ಮುದುಡಿ ಕೂತಿರುತ್ತಾನೆ. ನಿಜವಾಗಿ ಹೆದರಿದ್ದಾನೆ. ಎದುರಿಗೆ ಒಂದು ಜೊತೆ ಸ್ಕೇಟ್ಸ್ ಬಂದು ನಿಲ್ಲುತ್ತೆ. ಅವನು ತಲೆ ಎತ್ತಿದರೆ ಟ್ರೇಸಿ, ರಿಗ್ ಅವರ ಪಾತ್ರ. ಆಮೇಲೆ ಕಾರು ಓಡಿಸುವುದು ಅವಳು, ಪಕ್ಕದಲ್ಲಿ ಕೂರುವುದು ಅವನು. ಬಾಂಡ್‌ನನ್ನು ಕಾಪಾಡುವ ನಾಯಕಿ! ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಯಾರ ತುಣುಕು ಮೊದಲು, ಯಾರದು ಆಮೇಲೆ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಎರಡನೆಯದಾಗಿ ತೋರಿಸಿದವರಿಗೆ ಓಟು ಸ್ವಲ್ಪ ಜಾಸ್ತಿ ಬೀಳುವುದನ್ನು ನಾನೇ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಅದನ್ನು ಹೇಗೆ ಸರಿದೂಗಿಸಿದೆ ಅಂತ ಮಾತ್ರ ಹೇಳುವುದಿಲ್ಲ. ಒಟ್ಟಿಗೆ ಬಂದ ಕಾಲೇಜು ಹುಡುಗರು ಒಂದೇ ಕಡೆ ಒತ್ತದ ಹಾಗೆ ನೋಡಿಕೊಂಡಿದ್ದೂ ಅಷ್ಟೇ, ಅದು ನನ್ನ ಹತ್ತಿರವೇ ಇರಲಿ.

ನಿಯಮದ ಜಗಳ ಬೇಕಾದಷ್ಟು ಆಯಿತು. ಮಾಡ್ ಆಡಮ್ಸ್ 1974ರಲ್ಲಿ ಒಂದು ಪಾತ್ರ, 1983ರ 'ಆಕ್ಟೋಪಸಿ'ಯಲ್ಲಿ ಇನ್ನೊಂದು ಪಾತ್ರ ಮಾಡಿದ್ದಾರೆ. ಎರಡು ಟಿಕೆಟ್ ಕೊಡಲಿಲ್ಲ, ಎಂಬತ್ತರ ಗುಂಪಿಗೆ ಮಾತ್ರ ಹಾಕಿದೆ. 'ಆಕ್ಟೋಪಸಿ' ಅಂದ ತಕ್ಷಣ ಉದಯಪುರದ ಆಟೋ ಚೇಸ್ ಹಾಕಿ ಅಂತ ಗಲಾಟೆ. ಅದರಲ್ಲಿರುವುದು ವಿಜಯ್ ಅಮೃತರಾಜ್, ಮಾಡ್ ಆಡಮ್ಸ್ ಅಲ್ಲವೇ ಅಲ್ಲ. ಆಟೋಗೆ ಓಟು ಹಾಕಲು ಬಂದಿದ್ದೀರಾ ಅಂತ ಕೇಳಿದೆ. ಹೌದು ಅಂದರು. ಟೀ ಬ್ರೇಕ್‌ನಲ್ಲಿ ಹಾಕಿದೆ. ಕಿಮ್ ಬೇಸಿಂಜರ್ ಬೇಕು ಅಂದವರಿಗೆ, 'ನೆವರ್ ಸೇ ನೆವರ್ ಅಗೇನ್' ಬೇರೆ ನಿರ್ಮಾಪಕರ ಚಿತ್ರ, ಸರಣಿಗೆ ಸೇರಿದ್ದಲ್ಲ ಅಂತ ಬಾಗಿಲು ಹಾಕಿದೆ. ಅದೇ ನಿಯಮದಲ್ಲಿ 1967ರ ತಮಾಷೆಯ 'ಕ್ಯಾಸಿನೋ ರಾಯಲ್' ಕೂಡ ಹೊರಗೆ. ಅದರಲ್ಲಿ ವೆಸ್ಪರ್ ಅನ್ನುವ ಪಾತ್ರ ಮಾಡಿದವರು ಯಾರು ಗೊತ್ತಲ್ಲ? 'ಡಾಕ್ಟರ್ ನೋ'ದ ನಾಯಕಿ ಅರ್ಸುಲಾ ಆಂಡ್ರೆಸ್. 2006ರಲ್ಲಿ ಅದೇ ಹೆಸರಿನ ಪಾತ್ರ ಇವಾ ಗ್ರೀನ್ ಅವರದು.

ಆಂಡ್ರೆಸ್ ವಿಷಯಕ್ಕೆ ಇನ್ನೊಂದು ಜಗಳ. 'ಡಾಕ್ಟರ್ ನೋ'ದಲ್ಲಿ ಕೇಳುವ ಧ್ವನಿ ಅವರದಲ್ಲ, ನಿಕ್ಕಿ ವಾನ್ ಡರ್ ಜಿಲ್ ಅವರದು. ಧ್ವನಿ ಬೇರೆಯವರದಾದರೆ ಅರ್ಧ ಓಟು ಕಡಿಯಿರಿ ಅಂತ ಒಬ್ಬರು ಮೇಷ್ಟ್ರು ಹಟ ಹಿಡಿದರು. 'ಸಾರ್, ಈ ಲೆಕ್ಕ ಹಿಡಿದರೆ ನಮ್ಮ ಕನ್ನಡ ಚಿತ್ರಗಳಿಗೆ ಮುಂಬೈಯಿಂದ ಬಂದ ನಾಯಕಿಯರಲ್ಲಿ ಎಷ್ಟು ಜನ ಉಳಿಯುತ್ತಾರೆ?' ಅಂದೆ. ಸುಮ್ಮನಾದರು.

ಇದೇ ನೆಪದಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ಮೊದಲ ಸುತ್ತಿನಲ್ಲಿ ಆಂಡ್ರೆಸ್ ಎದುರು ಬಿದ್ದದ್ದು 1965ರ 'ಥಂಡರ್‌ಬಾಲ್'ನ ಖಳನಾಯಕಿ ಫಿಯೋನಾ ಆಗಿದ್ದ ಲುಸಿಯಾನಾ ಪಲುಜ್ಜಿ. ಶಂಖ ಹಿಡಿದು ಸಮುದ್ರದಿಂದ ಎದ್ದು ಬರುವ ದೃಶ್ಯದ ಮುಂದೆ ಯಾರು ನಿಲ್ಲುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಪಲುಜ್ಜಿ ಆರಾಮಾಗಿ ಗೆದ್ದರು. ನಿನ್ನ ತೆಕ್ಕೆಗೆ ಬಿದ್ದ ಮಾತ್ರಕ್ಕೆ ಕೆಟ್ಟ ಹೆಂಗಸು ಒಳ್ಳೆಯವಳಾಗಿ ಬಿಡುತ್ತಾಳಾ ಅಂತ ಬಾಂಡ್‌ನನ್ನು ಆಡಿಕೊಳ್ಳುತ್ತಾಳಲ್ಲ, ಆ ದೃಶ್ಯ. ಹೆಣ್ಣುಮಕ್ಕಳ ಚೀಟಿ ಹೆಚ್ಚುಕಡಿಮೆ ಪೂರ್ತಿ ಆ ಕಡೆ. ಆಟ ಮುಗಿದ ಮೇಲೆ ಉಳಿದ ಹದಿನೈದಿಪ್ಪತ್ತು ಜನಕ್ಕೆ ಅವೇ ಎರಡು ತುಣುಕನ್ನು ಸೌಂಡ್ ಇಲ್ಲದೆ ತೋರಿಸಿದೆ. ಆಂಡ್ರೆಸ್ ಗೆದ್ದರು! ಅದಕ್ಕೇ ಹೇಳುವುದು, ಬಾಡಿಗೆಗೆ ತರುವಾಗ ಪ್ರೊಜೆಕ್ಟರ್‌ಗಿಂತ ಸ್ಪೀಕರ್ ನೋಡಿ ತನ್ನಿ. ಪಲುಜ್ಜಿ ಆ ಚಿತ್ರದ ನಾಯಕಿ ಡಾಮಿನೋ ಪಾತ್ರ ಕೇಳಿಕೊಂಡು ಹೋದವರು, ಅದು ಸಿಗಲಿಲ್ಲ. ಆ ಡಾಮಿನೋ ಮಾಡಿದ ಕ್ಲೌಡಿನ್ ಓಜೆ ಅವರನ್ನು ನಮ್ಮ ತಾರಸಿಯ ಮೇಲೆ ಎರಡನೇ ಸುತ್ತಿನಲ್ಲಿ ಹೊಡೆದರು. ಗುಂಪಿನ ಫೈನಲ್‌ನಲ್ಲಿ ರಿಗ್ ಎದುರು ಸೋತರು.

ಎಪ್ಪತ್ತರ ಗುಂಪು ಸಪ್ಪೆ. 'ದಿ ಸ್ಪೈ ಹೂ ಲವ್ಡ್ ಮಿ'ಯ ಬಾರ್ಬರಾ ಬಾಕ್ ಸಲೀಸಾಗಿ ಬಂದರು. ಎಂಬತ್ತರಲ್ಲಿ ಯಾರೂ ನಿರೀಕ್ಷಿಸದ ಗ್ರೇಸ್ ಜೋನ್ಸ್, 'ಎ ವ್ಯೂ ಟು ಎ ಕಿಲ್'ನಲ್ಲಿ ಮೇ ಡೇ ಪಾತ್ರ ಮಾಡಿದವರು. ಗಣಿಯೊಳಗೆ ಬಾಂಬ್ ಇಟ್ಟ ಟ್ರಾಲಿಯ ಬ್ರೇಕನ್ನು ಕೈಯಲ್ಲಿ ಅದುಮಿ ಹಿಡಿದು ಹೊರಗೆ ಹೋಗುತ್ತಾಳಲ್ಲ ಮೇ ಡೇ, ಅದನ್ನು ನೋಡಿದ ಮೇಲೆ ಆ ಪ್ರಶ್ನೆಗೆ ಬೇರೆ ಉತ್ತರ ಬರೆಯುವುದು ಕಷ್ಟ. ಇಲ್ಲೊಂದು ಸಾವು ತೋರಿಸಿದೆನಲ್ಲ ಅನ್ನಬೇಡಿ, ಸ್ಫೋಟಕ್ಕೆ ಮೊದಲೇ ನಿಲ್ಲಿಸಿದ್ದೆ. ಹೊಸ ಗುಂಪಿನ ಫೈನಲ್ ಮಾತ್ರ ಮೈಸೂರು ಕುಸ್ತಿಯ ಹಾಗೆ ನಡೆಯಿತು. ಬೈಕ್ ಮೇಲೆ ಬಾಂಡ್ ಜೊತೆ ಒಂದೇ ಕೈಕೋಳದಲ್ಲಿ ಕೂತ 'ಟುಮಾರೋ ನೆವರ್ ಡೈಸ್'ನ ಮಿಶೆಲ್ ಯೋ ಒಂದು ಕಡೆ, ಒದ್ದೆ ಗೌನಿನಲ್ಲಿ ಶವರ್ ಕೆಳಗೆ ನಡುಗುತ್ತ ಕೂತ ಇವಾ ಗ್ರೀನ್ ಒಂದು ಕಡೆ. ಯೋ 2023ರಲ್ಲಿ ಆಸ್ಕರ್ ಗೆದ್ದಮೇಲೆ ಹುಡುಗಿಯರೆಲ್ಲ ಅವರ ಪಾರ್ಟಿ. ಗ್ರೀನ್ ಎರಡೋ ಮೂರೋ ಓಟಿನಲ್ಲಿ ಪಾರಾದರು.

ಫೈನಲ್‌ನಲ್ಲಿ ರಿಗ್ ಇಪ್ಪತ್ಮೂರು, ಗ್ರೀನ್ ಹತ್ತೊಂಬತ್ತು, ಆಸುಪಾಸು ಅಷ್ಟೇ. ಚೀಟಿ ಎಣಿಸಿದ್ದು ಇವಾ ಗ್ರೀನ್ ಪಾರ್ಟಿಯವರೇ, ನಾನಲ್ಲ. ಬೇಕಂತಲೇ ಅವರ ಕೈಗೆ ಕೊಟ್ಟಿದ್ದೆ.

ನಡುವೆ ಹಿರಿಯರ ಒತ್ತಾಯಕ್ಕೆ ನಮ್ಮದೇ ಬಾಂಡ್ ಸರಣಿಯನ್ನೂ ಆಡಿಸಿದೆ. ಸಿಐಡಿ 999 ಆಗಿ ರಾಜ್‌ಕುಮಾರ್, ನಿರ್ದೇಶನ ದೊರೆ-ಭಗವಾನ್. ನಾಲ್ಕು ಚಿತ್ರ, ನಾಲ್ವರು ನಾಯಕಿಯರು, ಸೀದಾ ಸೆಮಿಫೈನಲ್. 1968ರ 'ಜೇಡರ ಬಲೆ'ಯ ಜಯಂತಿ, ಅದೇ ವರ್ಷದ 'ಗೋವಾದಲ್ಲಿ ಸಿಐಡಿ 999'ರ ಲಕ್ಷ್ಮಿ, 1969ರ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'ರ ರೇಖಾ, 1978ರ 'ಆಪರೇಷನ್ ಡೈಮಂಡ್ ರಾಕೆಟ್'ನ ಪದ್ಮಪ್ರಿಯಾ. ರೇಖಾ ಹಿಂದಿಯಲ್ಲಿ ನಾಯಕಿ ಆಗುವ ಮೊದಲೇ ಇಲ್ಲಿ ನಾಯಕಿ, ಇದು ಅಲ್ಲಿದ್ದ ಹುಡುಗರಿಗೆ ಗೊತ್ತೇ ಇರಲಿಲ್ಲ. ಜಯಂತಿ ಏಕಪಕ್ಷೀಯವಾಗಿ ಗೆದ್ದರು. ಆದರೆ ಪ್ರಶ್ನೆ ಇಲ್ಲಿ ಕೆಲಸ ಮಾಡಲಿಲ್ಲ. 'ಜೇಡರ ಬಲೆ'ಯ ಪಾತ್ರ ನೋಡಿ ಯಾರೂ ಚೀಟಿ ಹಾಕಲಿಲ್ಲ. ಒಬ್ಬರು ಅಜ್ಜಿ ಚೀಟಿ ಮಡಚುತ್ತಾ 'ಮಿಸ್ ಲೀಲಾವತಿಗೆ ಹಾಕ್ದೆ ಕಣಪ್ಪ' ಅಂದರು, ಅದು ಜಯಂತಿಯವರ ಬೇರೆಯೇ ಚಿತ್ರ! ನಮ್ಮವರಿಗೆ ಓಟು ಹಾಕುವಾಗ ಇಡೀ ಜೀವಮಾನದ ಲೆಕ್ಕ ಬಂದು ಬಿಡುತ್ತೆ. ಟ್ರೇಸಿ, ಫಿಯೋನಾ ಪರಕೀಯರು, ಅದಕ್ಕೇ ಪಾತ್ರ ಮಾತ್ರ ಕಾಣುತ್ತೆ. ಕನ್ನಡ ಸರಣಿಗೆ ಇದನ್ನು ಮಾಡಹೊರಟವರು ಬೇರೆ ಪ್ರಶ್ನೆ ಹುಡುಕಿಕೊಳ್ಳಿ.

ಈಗ ದುಡ್ಡು. ಸ್ಪೀಕರ್ ಸೇರಿ ಪ್ರೊಜೆಕ್ಟರ್ ಭಾನುವಾರಕ್ಕೆ ಎಂಟುನೂರು. ಶಾಮಿಯಾನದವರ ಕುರ್ಚಿ ಒಂದಕ್ಕೆ ಎಂಟು ರೂಪಾಯಿ. ಚುರುಮುರಿ, ಟೀ ತಲೆಗೆ ಮೂವತ್ತು ಬಿತ್ತು. ಚೀಟಿಗೆ ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆಗೆ ಎಂಟು ಬರುವ ಹಾಗೆ ಹೊಡೆಸಿ ಸ್ಕೇಲ್ ಇಟ್ಟು ಹರಿದೆವು, ಎಲ್ಲ ಸೇರಿ ಮುನ್ನೂರರೊಳಗೆ. ತಾರಸಿ ಪುಕ್ಕಟೆ, ಗೆಳೆಯನದು. ಹನ್ನೆರಡು ಸಾವಿರದ ಆಜುಬಾಜು ಖರ್ಚು, ತಲೆಗೆ ಐವತ್ತರಂತೆ ಎತ್ತಿದ್ದು ಹತ್ತು ಸಾವಿರ ಇರಬೇಕು. ಉಳಿದದ್ದು ಕೈಯಿಂದ. ನಾಲ್ಕು ಗುಂಪಲ್ಲೂ ಗೆಲ್ಲುವವರ ಹೆಸರು ಪೂರ್ತಿ ಸರಿಯಾಗಿ ಊಹಿಸಿದವರಿಗೆ ಅರ್ಧ ಕೆಜಿ ಮೈಸೂರು ಪಾಕ್ ಬಹುಮಾನ ಇಟ್ಟಿದ್ದೆ. ಗ್ರೇಸ್ ಜೋನ್ಸ್ ದೆಸೆಯಿಂದ ಅದು ಯಾರಿಗೂ ಹೋಗಲಿಲ್ಲ, ಎಣಿಸಿದವರೇ ತಿಂದರು.

ಮುಂದಿನದು ಖಳರ ಟೂರ್ನಮೆಂಟ್. ಬೂಟಿನ ತುದಿಯಲ್ಲಿ ಚಾಕು ಇಟ್ಟುಕೊಂಡ ರೋಸಾ ಕ್ಲೆಬ್‌ ಪಾತ್ರದ ಲೊಟ್ಟೆ ಲೆನ್ಯಾ ಅವರನ್ನು ಅದಕ್ಕೆ ಹಾಕಿದ್ದೇನೆ. ಖಳನಾಯಕಿಯಾದ ಪಲುಜ್ಜಿ ಇಲ್ಲಿ ಆಡಿದ ಮೇಲೆ ಲೆನ್ಯಾ ಯಾಕೆ ಅಲ್ಲಿ ಅಂತ ಈಗಲೇ ಕ್ಯಾತೆ ಶುರುವಾಗಿದೆ. ಪಟ್ಟಿ ಬದಲಾಗುವುದಿಲ್ಲ. ತಕರಾರು ಇದ್ದವರು ಐವತ್ತು ರೂಪಾಯಿ ತಂದು ಚೀಟಿ ಹಾಕಿ ತೋರಿಸಲಿ.