ಬಿರುಕು ಬ್ಯಾಟರಿಯದೋ, ನನ್ನ ಬ್ಲೇಡಿನದೋ?

ಕಲಬುರಗಿಯ ಬಿಸಿಲಲ್ಲಿ ಓಡಾಡಿ ಸೊರಗಿದ ಒಂದು ಎಲೆಕ್ಟ್ರಿಕ್ ಸ್ಕೂಟರ್‌ನ ಬ್ಯಾಟರಿ ನನ್ನ ಪಿಎಚ್‌ಡಿ ಕೆಲಸಕ್ಕೆ ಸಿಕ್ಕಿತು. ಅದರೊಳಗಿನ ಸೆಲ್‌ಗಳು 18650 ಅಳತೆಯವು. ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ.

ಸೆಲ್ ಬಿಚ್ಚುವುದು ಸುಮ್ನೆ ಆಗುವ ಕೆಲಸ ಅಲ್ಲ. ಮೊದಲು ಚಾರ್ಜ್ ಪೂರ್ತಿ ಇಳಿಸಿದೆ. ಆಮೇಲೆ ಆರ್ಗಾನ್ ಅನಿಲ ತುಂಬಿದ, ಹೊರಗಿನ ಗಾಳಿ ಸೇರದ ಗ್ಲೋವ್ ಬಾಕ್ಸ್ ಒಳಗೇ ಬಿಚ್ಚಿದೆ. ಎಲೆಕ್ಟ್ರೋಲೈಟ್ ಅಂದರೆ ಸೆಲ್ ಒಳಗಿನ ದ್ರವ; ಅದರ ಉಪ್ಪಿಗೆ ತೇವ ತಗುಲಿದರೆ ಹೈಡ್ರೋಫ್ಲೋರಿಕ್ ಆಮ್ಲ ಎಂಬ ವಿಷ ಹುಟ್ಟುತ್ತದೆ. ಮನೆಯಲ್ಲಿ ದಯವಿಟ್ಟು ಯಾರೂ ಕೈ ಹಾಕಬೇಡಿ. ಕ್ಯಾಥೋಡಿನ, ಅಂದರೆ ಸೆಲ್‌ನ ಪ್ಲಸ್ ಬದಿಯ, ಕಪ್ಪು ಪಟ್ಟಿಯನ್ನು ಡೈಮೀಥೈಲ್ ಕಾರ್ಬೊನೇಟ್ ಎಂಬ ದ್ರಾವಕದಲ್ಲಿ ತೊಳೆದು ಒಣಗಿಸಿದೆ.

ಆ ಪಟ್ಟಿಯ ಕಪ್ಪು ಪುಡಿಯಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಒಂದೊಂದು ಕಣ ಸುಮಾರು 10 ಮೈಕ್ರಾನ್. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಥೇಟ್ ಶೇಂಗಾ ಉಂಡಿ, ಸಣ್ಣ ಸಣ್ಣ ಹರಳು ಒತ್ತಿ ಕಟ್ಟಿದ ಹಾಗೆ. ಹೊರಗಿನಿಂದ ಚೆನ್ನಾಗಿಯೇ ಇತ್ತು. ಒಳಗೆ ಬಿರುಕು ಬಿಟ್ಟೇ ಬ್ಯಾಟರಿ ಸೊರಗಿತೇ ಎಂದು ನೋಡಲು ಬ್ಲೇಡಿನಿಂದ ಕತ್ತರಿಸಿದೆ. ಎಲ್ಲಿ ನೋಡಿದರೂ ಬಿರುಕು! ಖುಷಿಯಿಂದ ಗೈಡ್‌ಗೆ ಫೋಟೊ ತೋರಿಸಿದೆ.

‘ಹೊಸ ಸೆಲ್‌ನದ್ದೂ ಹೀಗೇ ಕತ್ತರಿಸಿ ನೋಡಿದ್ದೀಯಾ?’ ಅಂದರು.

ನೋಡಿರಲಿಲ್ಲ. ನೋಡಿದರೆ ಅದರಲ್ಲೂ ಹಾಗೇ ಬಿರುಕು. ಮೂರು ವಾರ ತೆಗೆದಿದ್ದು ನನ್ನ ಬ್ಲೇಡಿನ ಫೋಟೊ.

ಬ್ಲೇಡ್ ಅದುಮುತ್ತದೆ. ಆರ್ಗಾನ್ ಅಯಾನುಗಳ ಕಿರಣ ಅದುಮದೆ ಮೆಲ್ಲಗೆ ಹೆರೆಯುತ್ತದೆ. ಆ ಯಂತ್ರ ಇದ್ದದ್ದು ಬೆಂಗಳೂರಿನಲ್ಲಿ. ಗಾಳಿಯಾಡದಂತೆ ಸೀಲ್ ಮಾಡಿದ ತುಣುಕುಗಳನ್ನು ತೊಡೆ ಮೇಲೆ ಇಟ್ಟುಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಈ ಸಲ ಹೊಸ ಸೆಲ್‌ನಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು ಮಾತ್ರ. ಕಾರ್ಖಾನೆಯಲ್ಲಿ ಪಟ್ಟಿಯನ್ನು ರೋಲರ್‌ನಡಿ ಒತ್ತುವಾಗಲೂ ಕೆಲವು ಕಣ ಸೀಳುತ್ತವೆ. ಹಳೆಯದರಲ್ಲಿ ಮಾತ್ರ ನಡುವಿನಿಂದ ಹೊರಗೆ, ಹರಳುಗಳ ಸಂದಿಯಲ್ಲೇ ಬಿರುಕು ಓಡಿತ್ತು. ಚಾರ್ಜ್ ಏರಿ ಇಳಿದು ಲಿಥಿಯಂ ಹೋಗಿ ಬಂದಂತೆಲ್ಲ ಪ್ರತಿ ಹರಳು ಕುಗ್ಗಿ ಹಿಗ್ಗುತ್ತದೆ, ಆದರೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಅಲ್ಲ. ಪಕ್ಕದ ಹರಳು ಬೇರೆ ಕಡೆ ಮುಖ ಮಾಡಿರುತ್ತದೆ. ಎಳೆದಾಟ ಶುರು. ಸಂದಿಯಲ್ಲಿ ಎಲೆಕ್ಟ್ರೋಲೈಟ್ ಇಳಿದರೆ ಒಳಗಿನ ಮೈಯೂ ಕೆಡುತ್ತದೆ.

ಊರಿಗೆ ಹೋದಾಗ ಅಪ್ಪನಿಗೆ ಫೋಟೊ ತೋರಿಸಿದೆ. ‘ಇದು ನಮ್ಮ ಎರಿ ಹೊಲ ಇದ್ದಂಗೇ ಅದಲ್ಲೋ. ಮಳಿ ಬಂದ್ರ ಇದೂ ಕೂಡ್ತದೇನು?’

ತಲೆಗೆ ಹೊಡೆದ ಹಾಗಾಯಿತು. ಕೂಡುತ್ತದೆ! ಚಾರ್ಜ್ ಏರಿದಾಗ ಬಾಯಿ ಬಿಡುವ ಬಿರುಕು ಇಳಿದಾಗ ಬಹುಪಾಲು ಮುಚ್ಚಿಕೊಳ್ಳುತ್ತದೆ. ನಾನು ಸೆಲ್ ಬಿಚ್ಚಿದ್ದೇ ಚಾರ್ಜ್ ಇಳಿಸಿ, ಅಲ್ವಾ? ಬೇಸಿಗೆಯ ಹೊಲವನ್ನು ಮಳೆಗಾಲದಲ್ಲಿ ನೋಡಿ ಬಂದಿದ್ದೆ.

ತುಂಬಿದ ದೊಡ್ಡ ಸೆಲ್ ಬಿಚ್ಚಲು ಗೈಡ್ ಬಿಡುವುದಿಲ್ಲ, ಸರಿಯೂ ಹೌದು. ಈಗ ಅದೇ ಪಟ್ಟಿಯಿಂದ ಬಿಲ್ಲೆಯಷ್ಟು ಕತ್ತರಿಸಿ, ನಾಣ್ಯದಂಥ ಪುಟ್ಟ ಸೆಲ್ ಕಟ್ಟಿ, ಚಾರ್ಜ್ ತುಂಬಿಸಿ ಬಿಚ್ಚುತ್ತಿದ್ದೇನೆ. ಹೊಸದರದ್ದೊಂದು, ಹಳೆಯದರದ್ದೊಂದು.