ಒಂದು ಸೇರು ರಾಗಿ ತಂದವರೂ ತಲೆ ಎತ್ತಿ ನಿಲ್ಲುವಂತೆ ಸುಗ್ಗಿ ಹಬ್ಬ ಮಾಡುವುದು ಹೇಗೆ

ಕೋಲಾರದ ಸುತ್ತಲಿನ ಹಳ್ಳಿಗಳ ಕ್ರೈಸ್ತ ಸಭೆಗಳಿಗೆ ವರ್ಗವಾಗಿ ಬರುವ ಎಳೆಯ ಸಭಾಪಾಲಕರು ಕ್ರಿಸ್ಮಸ್ ಬಗ್ಗೆ ನನ್ನನ್ನು ಏನೂ ಕೇಳುವುದಿಲ್ಲ. ಕ್ರಿಸ್ಮಸ್ ತಾನಾಗಿಯೇ ನಡೆದುಹೋಗುತ್ತದೆ. ಯುವಕರು ನಕ್ಷತ್ರ ಕಟ್ಟುತ್ತಾರೆ, ಮಕ್ಕಳು ಕುರುಬರ ವೇಷ ಹಾಕುತ್ತಾರೆ, ಯಾರಾದರೂ ಕೇಕ್ ತರುತ್ತಾರೆ. ಅವರಿಗೆ ದಿಗಿಲು ಹುಟ್ಟಿಸುವುದು ಸುಗ್ಗಿ ಹಬ್ಬ, ಅಂದರೆ ಬೆಳೆದದ್ದರಲ್ಲಿ, ದುಡಿದದ್ದರಲ್ಲಿ ಒಂದು ಪಾಲನ್ನು ಗುಡಿಗೆ (ಚರ್ಚಿಗೆ) ಕಾಣಿಕೆಯಾಗಿ ತರುವ ದಿನ. ಅಲ್ಲಿ ಧಾನ್ಯವಿದೆ, ದುಡ್ಡಿದೆ, ಹರಾಜಿದೆ, ಎಲ್ಲರ ಮುಂದೆ ಹೆಸರು ಕೂಗುವುದಿದೆ. ಇಷ್ಟೂ ಒಂದೇ ಅಂಗಳದಲ್ಲಿ ಸೇರಿದ ಮೇಲೆ ಜಗಳವಾಗದೆ ಸಂಜೆಯಾದರೆ ಅದೇ ದೊಡ್ಡದು. ಹಬ್ಬ ಚೆನ್ನಾಗಿ ಆಯಿತೇ ಎಂದು ತಿಳಿಯಲು ನಾನು ಖಜಾಂಚಿಯ ಪುಸ್ತಕ ನೋಡುವುದಿಲ್ಲ. ಎಲ್ಲರಿಗಿಂತ ಕಡಿಮೆ ತಂದ ಮನೆಯವರು ಮುಂದಿನ ವರ್ಷವೂ ಬಂದರೇ ಎಂದು ನೋಡುತ್ತೇನೆ. ಕೆಳಗೆ ಹೇಳುವುದೆಲ್ಲ ಅದಕ್ಕಾಗಿಯೇ.

ಮೊದಲು ದಿನ ಗೊತ್ತುಮಾಡಿ. ನಮ್ಮ ಕಡೆ ಮಳೆಯಾಶ್ರಿತ ರಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಕಟಾವಾಗುತ್ತದೆ. ಒಕ್ಕಣೆ ಮುಗಿಯುವಾಗ ಸಂಕ್ರಾಂತಿ. ಅದಕ್ಕೆ ಮುಂಚೆ ಹಬ್ಬವಿಟ್ಟರೆ ಜನ ಅಂಗಡಿಯಿಂದ ರಾಗಿ ಕೊಂಡು ತರುತ್ತಾರೆ, ಅದು ಅರ್ಥವಿಲ್ಲದ ಕೆಲಸ. ತೀರಾ ತಡ ಮಾಡಿದರೆ ಶ್ರಮಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಶುರುವಾಗುತ್ತದೆ. ಅದರ ಮೊದಲ ದಿನವಾದ ಬೂದಿ ಬುಧವಾರ 2024ರಲ್ಲಿ ಫೆಬ್ರವರಿ 14ಕ್ಕೇ ಬಂದಿತ್ತು, 2025ರಲ್ಲಿ ಮಾರ್ಚ್ 5ಕ್ಕೆ. ಪಂಚಾಂಗ ನೋಡಿಕೊಂಡು ಜನವರಿಯ ಕೊನೆಯ ಭಾನುವಾರವನ್ನೋ ಫೆಬ್ರವರಿಯ ಮೊದಲ ಭಾನುವಾರವನ್ನೋ ಹಿಡಿಯಿರಿ. ಅವರೆಕಾಯಿ ಕಾಲ ಪೂರ್ತಿ ಮುಗಿಯುವ ಮುಂಚೆ ಆದರೆ ಒಳ್ಳೆಯದು. ಯಾಕೆಂದು ಊಟದ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಎರಡನೆಯದಾಗಿ, ಬರುವ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಸಭಾ ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು. ಹಣ ಕೈಗೆ ಬಂದ ಮೇಲೆ ಮಾಡುವ ಚರ್ಚೆಯಲ್ಲಿ ಗೆಲ್ಲುವುದು ಗಟ್ಟಿ ಗಂಟಲು. ಒಂದು ಉದ್ದೇಶ ಸಭೆಯೊಳಗಿನದು, ಇನ್ನೊಂದು ಹೊರಗಿನದು ಎಂದು ಇಟ್ಟುಕೊಳ್ಳಿ. ಒಳಗಿನದು ಛಾವಣಿಯ ಶೀಟೋ, ಯಾವುದಾದರೂ ಮಗುವಿನ ಕಾಲೇಜು ಶುಲ್ಕವೋ ಆಗಬಹುದು. ಹೊರಗಿನದಕ್ಕೆ ನಾನು ಒತ್ತಿ ಹೇಳುವುದು ಕ್ಷಯರೋಗಿಗಳ ಆಹಾರ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಒಂದು ಸಂಘವೋ ಸಭೆಯೋ ಹೆಸರು ನೋಂದಾಯಿಸಿ, ಒಪ್ಪಿಗೆ ಕೊಟ್ಟ ರೋಗಿಗಳಿಗೆ ಕನಿಷ್ಠ ಆರು ತಿಂಗಳು ಆಹಾರದ ಕಿಟ್ ಒದಗಿಸಬಹುದು. ದೊಡ್ಡವರ ಒಂದು ತಿಂಗಳ ಕಿಟ್‌ನಲ್ಲಿ ಮೂರು ಕಿಲೋ ಧಾನ್ಯ, ಒಂದೂವರೆ ಕಿಲೋ ಬೇಳೆ, ಅಡುಗೆ ಎಣ್ಣೆ, ಹಾಲಿನ ಪುಡಿ ಅಥವಾ ಕಡಲೆಕಾಯಿ ಬೀಜ ಇರುತ್ತದೆ. ಸಿರಿಧಾನ್ಯವೂ ಸಲ್ಲುತ್ತದೆ, ಅಂದರೆ ನಮ್ಮ ರಾಗಿ ನೇರವಾಗಿ ಹೋಗಬಹುದು. ಸರ್ಕಾರಿ ಆಸ್ಪತ್ರೆಯ ಕ್ಷಯರೋಗ ವಿಭಾಗದಲ್ಲಿ ವಿಚಾರಿಸಿದರೆ ನೋಂದಣಿಯ ದಾರಿ ಹೇಳುತ್ತಾರೆ.

ಬಂದ ಧಾನ್ಯವೆಲ್ಲ ಹರಾಜಾಗಬಾರದು. ಮೂರರಲ್ಲಿ ಒಂದು ಪಾಲು ಧಾನ್ಯವಾಗಿಯೇ ಹೊರಗೆ ಹೋಗಬೇಕು. ಸಮಿತಿಯ ಹಿರಿಯರು ಇದಕ್ಕೆ ಗೊಣಗಿದರೆ ಕೋಲಾರದ ಚರಿತ್ರೆ ನೆನಪಿಸಿ. 1876–78ರಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಬಿದ್ದಾಗ ಮಿಸ್ ಆನ್‌ಸ್ಟಿ ಎಂಬಾಕೆ ಇಲ್ಲಿ ಅನಾಥ ಮಕ್ಕಳನ್ನು ಕಲೆಹಾಕಿ ಸಾಕಿದರು. ಅವರು ಕಟ್ಟಿದ ಮಿಷನ್ 1890ರಲ್ಲಿ ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಗಡದವರ ಕೈಗೆ ಬಂತು. ಗಂಜಿಗಾಗಿ ಕೈಯೊಡ್ಡಿದ ಮಕ್ಕಳಿಂದ ಬೆಳೆದ ಸಭೆ ಇದು. ಇಲ್ಲಿ ಸುಗ್ಗಿಯ ದಿನ ಹಸಿದವರ ಪಾಲು ತೆಗೆದಿಡಲು ಯಾರನ್ನೂ ಅಂಗಲಾಚುವ ಪ್ರಮೇಯ ಬರಬಾರದು.

ಕಾಣಿಕೆಯನ್ನು ಸ್ವೀಕರಿಸುವ ಕೆಲಸ ಶನಿವಾರ ಮಧ್ಯಾಹ್ನದಿಂದಲೇ ನಡೆಯಲಿ. ಎಲ್ಲ ಎಡವಟ್ಟೂ ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಮೇಜು ಹಾಕಿ, ಇಂಥವರು ಎರಡು ಚೀಲ, ಇಂಥವರು ಒಂದು ಸೇರು ಎಂದು ಬರೆದುಕೊಳ್ಳುವ ಪದ್ಧತಿ ಅನೇಕ ಕಡೆ ಇದೆ. ಅದನ್ನು ನಿಲ್ಲಿಸಿ. ನಮ್ಮ ಸಭೆಗಳಲ್ಲಿ ಸ್ವಂತ ಜಮೀನು ಇರುವವರು ಕಡಿಮೆ. ಹೆಚ್ಚಿನವರು ಇನ್ನೊಬ್ಬರ ಟೊಮೆಟೊ ತೋಟದಲ್ಲಿ ಬಿಡಿಸುವವರು, ರೇಷ್ಮೆ ಮನೆಯಲ್ಲಿ ಸೊಪ್ಪು ಹಾಕುವವರು, ಬೆಂಗಳೂರಿಗೆ ರೈಲಿನಲ್ಲಿ ಗಾರೆ ಕೆಲಸಕ್ಕೆ ಹೋಗುವವರು. ಮೇಜಿನ ಸಾಲಿನಲ್ಲಿ ತಮ್ಮ ಮುಂದಿನವರು ಚೀಲ ಇಳಿಸುವುದನ್ನು ಕಂಡರೆ ಸೆರಗಿನ ಗಂಟು ಬಿಚ್ಚಲು ಅವರಿಗೆ ಕೈ ಬರುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಗುಡಿಯೊಳಗೆ, ಪ್ರಭುಭೋಜನದ ಮೇಜಿನ ಮುಂದೆ, ಒಂದು ಟಾರ್ಪಾಲಿನ ಮೇಲೆ ಹೊಲಿದ ಗೋಣಿತಟ್ಟು ಹಾಸಿ. ರಾಗಿ ತಂದವರೆಲ್ಲ ಅಲ್ಲೇ ಸುರಿಯಲಿ. ಹತ್ತು ಕೊಳಗವಾಗಲಿ, ಒಂದು ಹಿಡಿಯಾಗಲಿ, ಸುರಿದ ಮೇಲೆ ಒಂದೇ ರಾಶಿ. ಯಾರದು ಎಷ್ಟು ಎಂದು ಹೇಳಲು ಯಾರಿಗೂ ಆಗುವುದಿಲ್ಲ. ಸುರಿಯುವ ಮುಂಚೆ ಮೊರದಲ್ಲಿ ಕೇರುವ ಏರ್ಪಾಟು ಬೇಕೇ ಬೇಕು. ಈಗ ರಾಗಿ ತೆನೆಯನ್ನು ರಸ್ತೆಯ ಮೇಲೆ ಹರಡಿ ಬಸ್ಸು, ಲಾರಿಗಳಿಂದ ತುಳಿಸುವವರೇ ಹೆಚ್ಚು, ಡಾಂಬರಿನ ಕಲ್ಲುಪುಡಿ ಕಾಳಿನ ಜೊತೆ ಬರುತ್ತದೆ. ಸ್ತ್ರೀ ಸಂಘದ ನಾಲ್ಕು ಮಂದಿ ಹೊರಗಿನ ಜಗಲಿಯಲ್ಲಿ ಕುಳಿತು, ಬಂದವರೆಲ್ಲರ ರಾಗಿಯನ್ನೂ ಕೇರಿಕೊಡಲಿ. ಹೆಚ್ಚು ತಂದವರ ರಾಗಿಯಲ್ಲೇ ಕಲ್ಲು ಹೆಚ್ಚು ಸಿಗುತ್ತದೆ, ಆ ಹೆಂಗಸರು ನಗುವುದನ್ನು ಕಂಡರೂ ಕಾಣದಂತೆ ಇರಿ.

ಹಸಿ ತರಕಾರಿಯನ್ನು ರಾಶಿಯ ಹತ್ತಿರ ಬಿಡಬೇಡಿ, ತೇವ ಎಳೆದುಕೊಳ್ಳುತ್ತದೆ. ಟೊಮೆಟೊ ಬಾಕ್ಸ್‌ಗಳನ್ನು ಎರಡಕ್ಕಿಂತ ಹೆಚ್ಚು ಮೇಲೆ ಪೇರಿಸಬೇಡಿ. ಕೋಳಿ ತಂದರೆ ಕಾಲು ಕಟ್ಟಿ ಬಿಸಿಲಿಗೆ ಎಸೆಯುವ ಕ್ರೌರ್ಯ ಬೇಡ. ಮಂಕರಿ ಕವುಚಿ, ನೀರಿಟ್ಟು, ಹೊಂಗೆ ಮರದ ನೆರಳಿನಲ್ಲಿಡಿ.

ನರಸಾಪುರದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ನೇರವಾಗಿ ಗುಡಿಗೆ ಬರುವ ಹುಡುಗಿಯರು ಉಪ್ಪಿನ ಪ್ಯಾಕೆಟ್ಟನ್ನೋ ಬಟ್ಟೆ ಸೋಪನ್ನೋ ತರುತ್ತಾರೆ. ಸೋಪು ಯಾವ ಹೊಲದಲ್ಲಿ ಬೆಳೆಯುತ್ತದೆ ಅಯ್ಯನವರೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದ್ದುಂಟು. ಸಂಬಳದ ದಿನವೇ ಅವಳ ಸುಗ್ಗಿ ಎಂದೆ. ಸೋಪು, ಉಪ್ಪು, ಬೆಂಕಿಪೊಟ್ಟಣಗಳನ್ನು ಬುಟ್ಟಿಗಳಲ್ಲಿ ತುಂಬಿ ರಾಶಿಯ ಸುತ್ತಲೇ ಇಡಿ, ಮೂಲೆಗೆ ತಳ್ಳಬೇಡಿ.

ಆರಾಧನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಿಮ್ಮ ಪ್ರಾರ್ಥನಾ ಪುಸ್ತಕದಲ್ಲಿ ಕ್ರಮವಿದೆ. ಪಾಠಕ್ಕೆ ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಓದಿಸಿ. ಪ್ರಥಮಫಲದ ಪುಟ್ಟಿ ತಂದವನು ಪರದೇಶಸ್ಥನ ಜೊತೆ ಸಂತೋಷಪಡಬೇಕು ಎಂಬ 11ನೇ ವಚನವನ್ನು ಬಿಡದೆ ಓದಿಸಿ, ಊಟದ ವಿಷಯ ನಿಂತಿರುವುದು ಅದರ ಮೇಲೆ. ಪ್ರಸಂಗ (ಉಪದೇಶ) ಚಿಕ್ಕದಿರಲಿ, ಹೊರಗೆ ಕೋಳಿ ಕೂಗುತ್ತಿರುವಾಗ ಯಾರೂ ಕೇಳುವುದಿಲ್ಲ. ಪ್ರಾರ್ಥನೆಯಲ್ಲಿ ಮಾತ್ರ ಊರು ಕಾಣಬೇಕು. ಸಾವಿರ ಅಡಿ ದಾಟಿದರೂ ಒಣಗಿದ ಕೊಳವೆಬಾವಿಗಳನ್ನು, ಡೈರಿಗೆ ಹಾಲು ಹಾಕುವವರನ್ನು, 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ತುಂಬಿಸಿಕೊಳ್ಳುತ್ತಿರುವ ಕೆರೆಗಳನ್ನು ಹೆಸರಿಟ್ಟು ನೆನೆಯಿರಿ. ಆ ನೀರಿಗಾಗಿ ಸ್ತೋತ್ರ ಹೇಳುವವರೂ ಅದಕ್ಕೆ ಹೆದರುವವರೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಇಬ್ಬರೂ ಆಮೆನ್ ಹೇಳುವ ಹಾಗೆ ಪ್ರಾರ್ಥಿಸುವುದು ಸುಲಭವಲ್ಲ, ಆದರೂ ಪ್ರಯತ್ನಿಸಿ.

ಇನ್ನು ಹರಾಜು. ಗುಡಿಯೊಳಗೆ ಎಂದಿಗೂ ಬೇಡ, ಮರದ ಕೆಳಗೆ ನಡೆಯಲಿ. ಸಭಾಪಾಲಕರು ಕೂಗಬಾರದು. ಮಂಡಿಯಲ್ಲಿ ಟೊಮೆಟೊ ಕೂಗಿ ಪಳಗಿದವರು ನಿಮ್ಮ ಸಭೆಯಲ್ಲೂ ಇರುತ್ತಾರೆ, ತಾವಾಗಿಯೇ ಮುಂದೆ ಬರುತ್ತಾರೆ. ಅವರಿಗೂ ಕೊಡಬೇಡಿ, ಯಾರ ಜೇಬು ಎಷ್ಟು ಆಳ ಎಂದು ಗೊತ್ತಿರುವವರು ಜನರನ್ನು ಕೆಣಕದೆ ಇರಲಾರರು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಸಿಕ್ಕರೆ ಅದೇ ಭಾಗ್ಯ. ಅವರ ಮುಂದೆ ದೊಡ್ಡವರೂ ಕೈ ಎತ್ತಿಯೇ ಮಾತನಾಡುತ್ತಾರೆ.

ಕೊಂಡವರು ವಸ್ತುವನ್ನು ಮರಳಿ ಹರಾಜಿಗೆ ಬಿಡುವ ಪದ್ಧತಿ ನಮ್ಮಲ್ಲಿದೆ, ಅದನ್ನು ಉಳಿಸಿಕೊಳ್ಳಿ. ಬೇತಮಂಗಲದ ಕಡೆಯ ಒಂದು ಸಭೆಯಲ್ಲಿ ಅಜ್ಜಿಯೊಬ್ಬರು ತಂದ ಒಂದೇ ಒಂದು ನಾಟಿ ಮೊಟ್ಟೆಯನ್ನು ಒಬ್ಬರು ಐವತ್ತಕ್ಕೆ ಕೊಂಡು ಮರಳಿಸಿದರು, ಇನ್ನೊಬ್ಬರು ನೂರಕ್ಕೆ ಕೊಂಡು ಮರಳಿಸಿದರು, ಮೊಟ್ಟೆ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಮೆಟ್ಟಿಲ ಮೇಲೆ ಕುಳಿತ ಅಜ್ಜಿ ಪ್ರತಿ ಸಲವೂ “ಇನ್ನೂ ಅದೇ ಮೊಟ್ಟೆಯೇ?” ಎಂದು ಕೇಳಿ, ಹೌದೆಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅದು ಒಡೆಯದೆ ಕೊನೆಗೆ ಅವರ ಮೊಮ್ಮಗನಿಗೇ ಸೇರಿತು. ಹರಾಜು ಇರಬೇಕಾದದ್ದು ಹೀಗೆ.

ಇರಬಾರದ ಬಗೆಯೂ ಒಂದಿದೆ. ಎರಡು ಮನೆಗಳ ಹಳೆಯ ಹಗೆ ಒಂದು ಹುಂಜದ ಮೇಲೆ ಏರುತ್ತದೆ. ಐನೂರು, ಸಾವಿರ, ಮೂರು ಸಾವಿರ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ, ಖಜಾಂಚಿಯ ಮುಖ ಅರಳುತ್ತದೆ. ಈಸ್ಟರ್ ಬಂದರೂ ಆ ಎರಡು ಮನೆಯವರು ಮಾತನಾಡುವುದಿಲ್ಲ, ದುಡ್ಡೂ ಬಂದಿರುವುದಿಲ್ಲ. ಹೀಗಾಗಿ ಮೊದಲೇ ನಿಯಮ ಸಾರಿ: ಪೇಟೆ ಬೆಲೆಯ ಹತ್ತು ಪಟ್ಟು ಮುಟ್ಟಿದರೆ ಕೂಗು ನಿಲ್ಲುತ್ತದೆ, ಇಬ್ಬರೂ ಅರ್ಧರ್ಧ ಕೊಟ್ಟು ವಸ್ತುವನ್ನು ಮೂರನೆಯವರಿಗೆ ದಾನ ಮಾಡುತ್ತಾರೆ. ಈ ನಿಯಮದಿಂದ ಆದಾಯ ಇಳಿಯುತ್ತದೆ ಎನ್ನುವವರಿದ್ದಾರೆ. ನಿಜ, ಇಳಿಯುತ್ತದೆ.

ಸಾಲದ ಕೂಗು ಬೇಡ. ವಾರವಾರ ಮೈಕ್ರೋಫೈನಾನ್ಸ್ ಕಂತು ಕಟ್ಟುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಹಬ್ಬದ ಹುಮ್ಮಸ್ಸಿನಲ್ಲಿ ಕೂಗಿ ಮಾರನೇ ದಿನ ಒಡವೆ ಅಡವಿಡುವ ಸ್ಥಿತಿಗೆ ಯಾರನ್ನೂ ದೂಡಬಾರದು. ನಗದು, ಇಲ್ಲವೇ ಸ್ಥಳದಲ್ಲೇ ಮೊಬೈಲ್ ಪಾವತಿ. ಕ್ಯೂಆರ್ ಕೋಡ್ ಸಭೆಯ ಬ್ಯಾಂಕ್ ಖಾತೆಯದೇ ಆಗಿರಲಿ. ಖಜಾಂಚಿ ಎಷ್ಟೇ ಪ್ರಾಮಾಣಿಕರಾದರೂ ಅವರ ಸ್ವಂತ ಖಾತೆಯದು ಬೇಡ. ಎಣಿಸಲು ಪರಸ್ಪರ ನೆಂಟರಲ್ಲದ ಇಬ್ಬರು ಕೂರಲಿ. ಹಳ್ಳಿ ಸಭೆಯಲ್ಲಿ ನೆಂಟರಲ್ಲದ ಇಬ್ಬರನ್ನು ಹುಡುಕುವುದೇ ಒಂದು ಕೆಲಸ, ಸಿಗದಿದ್ದರೆ ಪಕ್ಕದ ಸಭೆಯಿಂದ ಒಬ್ಬರನ್ನು ಕರೆಯಿರಿ.

ಊಟಕ್ಕೆ ರಾಗಿ ಮುದ್ದೆ, ಹಿದುಕಿದ ಅವರೆಬೇಳೆ ಸಾರು. ಅವರೆಕಾಯಿ ಮುಗಿಯುವ ಮುಂಚೆ ಎಂದದ್ದು ಇದಕ್ಕೇ. ಹಿಂದಿನ ರಾತ್ರಿ ನೆನೆಸಿದ ಕಾಳನ್ನು ಹಿದುಕಲು ಗಂಡಸರನ್ನೂ ಕೂರಿಸಿ. ಸಮಿತಿಯಲ್ಲಿ ಬಗೆಹರಿಯದ ಎಷ್ಟೋ ವಿಷಯಗಳು ಆ ಪಾತ್ರೆಯ ಸುತ್ತ ಬಗೆಹರಿದಿವೆ. ಊರಿನ ಇತರರನ್ನು ಕರೆಯಿರಿ. ಹರಾಜಿನಲ್ಲಿ ಕುಂಬಳಕಾಯಿ ಕೊಳ್ಳಲು ಅವರು ಹೇಗೂ ಬರುತ್ತಾರೆ. ಎಲೆಯ ಮುಂದೆ ಕುಳಿತವರಿಗೆ ಕರಪತ್ರ ಹಂಚಬೇಡಿ, ಮೈಕಿನಲ್ಲಿ ಪ್ರಸಂಗ ಬಿಡಬೇಡಿ. ಕ್ಷಯರೋಗಿಗಳ ಕಿಟ್‌ಗೂ ಇದೇ ಮಾತು: ಚೀಲದ ಮೇಲೆ ಸಭೆಯ ಹೆಸರು ಬೇಡ, ಕೊಡುವಾಗ ಫೋಟೊ ಬೇಡ. ರೋಗ ಯಾರಿಗಿದೆ ಎಂಬುದು ನೆರೆಮನೆಗೂ ಗೊತ್ತಾಗಬಾರದು. ಆರು ತಿಂಗಳೂ ಒಬ್ಬರೇ ಒಯ್ದು ಕೊಡಲಿ.

ಬೆಳೆ ಕೈಕೊಟ್ಟ ವರ್ಷ ಏನು ಮಾಡಬೇಕು? ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಮೇಲಿಂದ ಮೇಲೆ ಬರುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅದೇ ಟೊಮೆಟೊವನ್ನು ರಸ್ತೆ ಬದಿಗೆ ಸುರಿದು ಹೋದ ವರ್ಷಗಳನ್ನೂ ಕಂಡಿದ್ದೇವೆ. ಹಬ್ಬವನ್ನು ರದ್ದು ಮಾಡಬೇಡಿ, ಹರಾಜನ್ನು ರದ್ದು ಮಾಡಿ. ಅಂಜೂರ ಚಿಗುರದಿದ್ದರೂ ಉಲ್ಲಾಸಿಸುವೆನು ಎಂಬ ಹಬಕ್ಕೂಕನ ಮಾತನ್ನು ಓದಬಹುದು, ಆದರೆ ಬೆಳೆ ಕಳೆದುಕೊಂಡವರ ಬೆನ್ನ ಮೇಲೆ ಚಾಟಿಯಾಗಿ ಬಳಸಬೇಡಿ. ಆ ಪ್ರವಾದಿ ಹಾಗೆ ಹೇಳುವ ಮುಂಚೆ ದೇವರ ಜೊತೆ ಎರಡು ಅಧ್ಯಾಯ ಜಗಳವಾಡಿದ್ದಾನೆ, ಅದನ್ನೂ ಓದಿಸಿ. ಅಂಥ ವರ್ಷ ಮಳೆ ಬರಲಿಲ್ಲ, ಸಾಲ ಉಳಿದಿದೆ ಎಂದು ಗುಡಿಯಲ್ಲಿ ಗಟ್ಟಿಯಾಗಿ ಹೇಳಲು ಜನರಿಗೆ ಅವಕಾಶ ಕೊಡಿ. ಟಾರ್ಪಾಲು ಎಂದಿನಂತೆ ಹಾಸಿರಲಿ. ಏನಾದರೂ ತಂದವರು ಸುರಿಯಲಿ, ಇಲ್ಲದವರು ಆ ರಾಶಿಯಿಂದಲೇ ಒಯ್ಯಲಿ. ಯಾರು ಒಯ್ದರು ಎಂದು ಬರೆದುಕೊಳ್ಳಬೇಡಿ.

ಸೋಮವಾರ ಗೋಣಿಚೀಲ, ಮಂಕರಿ, ಮೊಟ್ಟೆ ಟ್ರೇಗಳನ್ನು ಅವರವರ ಮನೆಗೆ ಮುಟ್ಟಿಸಿ. ಚೀಲ ಕಳೆದುಹೋದ ಸಿಟ್ಟು ಜನರಿಗೆ ಬಹಳ ಕಾಲ ಇರುತ್ತದೆ. ಮುಂದಿನ ಭಾನುವಾರ ಲೆಕ್ಕದ ಹಾಳೆಯನ್ನು ಗುಡಿಯ ಬಾಗಿಲಿಗೆ ಅಂಟಿಸಿ: ಒಟ್ಟು ಹಣ, ಒಟ್ಟು ಧಾನ್ಯ, ಎರಡು ಉದ್ದೇಶಗಳಿಗೆ ಹೋದ ಪಾಲು. ಹೆಸರು ಒಂದೂ ಬೇಡ. ಅಷ್ಟೆಲ್ಲ ಹೇಳಿದ ಮೇಲೂ ಯಾರಾದರೂ ಬಾಕಿ ಉಳಿಸಿಕೊಂಡಿದ್ದರೆ ಖಜಾಂಚಿಯನ್ನು ಕಳುಹಿಸದೆ ನೀವೇ ಒಮ್ಮೆ ಅವರ ಮನೆಗೆ ಹೋಗಿ ಕಾಫಿ ಕುಡಿದು ಬನ್ನಿ. ಈಸ್ಟರ್‌ವರೆಗೆ ಬಾರದ ಬಾಕಿಯನ್ನು ಸಮಿತಿಯ ಒಪ್ಪಿಗೆ ಪಡೆದು ವಜಾ ಮಾಡಿ.