ಮಗಳ ಹಾಫ್ ಟಿಕೆಟ್ ನಡೆಯಲ್ಲ ಅಂದಾಗ

ಬಾಗಲಕೋಟೆಯಿಂದ ಗದಗ ಮಾರ್ಗವಾಗಿ ಹುಬ್ಬಳ್ಳಿಗೆ ಜನರಲ್ ಬೋಗಿಯಲ್ಲಿ ಹೊರಟಿದ್ದೆವು. ಜೊತೆಗೆ 9 ವರ್ಷದ ಮಗಳು. ಸ್ಟೇಷನ್ ಹೆಸರು ಬೇಡ ಬಿಡಿ. ರೈಲಿನ ವೇಳೆ ಕೇಳೋಣ ಅಂತ ಕೌಂಟರಿನಲ್ಲಿ ಟಿಕೆಟ್ ತೋರಿಸಿದ್ದೇ ತಡ, ಒಳಗಿದ್ದವರು ತಲೆ ಅಲ್ಲಾಡಿಸಿದರು. "ಹಾಫ್ ಈಗ ಇಲ್ರೀ. 5 ವರ್ಷ ದಾಟಿದ್ರ ಫುಲ್. ಇದು ನಡೆಯೂದಿಲ್ಲ." ಹಿಂದೆ ಉದ್ದ ಸಾಲು ಬೇರೆ.

ಗೊಂದಲಕ್ಕೆ ಕಾರಣ ಇದೆ. 2016ರ ಏಪ್ರಿಲ್‌ನಿಂದ ರಿಸರ್ವೇಶನ್‌ನಲ್ಲಿ 5ರಿಂದ 12 ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಕೆಂದರೆ ಪೂರ್ತಿ ದರ. ಬರ್ತ್ ಬೇಡ, ನಮ್ಮ ಜೊತೆಗೇ ಮಲಗುತ್ತದೆ ಅಂದರೆ ಅರ್ಧ. ಕೂತೇ ಹೋಗುವ ಚೇರ್ ಕಾರ್‌ನಲ್ಲಿ ಆ ಆಯ್ಕೆಯೇ ಇಲ್ಲ, ಹಾಗಾಗಿ ಅಲ್ಲಿ ಪೂರ್ತಿಯೇ. ಆದರೆ ರಿಸರ್ವೇಶನ್ ಇಲ್ಲದ ಜನರಲ್ ಟಿಕೆಟ್‌ಗೆ ಈ ಬದಲಾವಣೆ ತಾಕಲೇ ಇಲ್ಲ, ಅರ್ಧ ದರ ಹಾಗೇ ಉಳಿದಿದೆ. 5 ವರ್ಷದೊಳಗಿನ ಮಗುವಿಗೆ ಜನರಲ್‌ನಲ್ಲಿ ಟಿಕೆಟ್ಟೇ ಬೇಡ. ಜನ ಎರಡನ್ನೂ ಕಲಸಿಬಿಡುತ್ತಾರೆ, ಸಿಬ್ಬಂದಿಯೂ ಅಷ್ಟೇ.

ಸುಮ್ನೆ ವಾದ ಮಾಡಲಿಲ್ಲ, ಹೊಸ ಟಿಕೆಟ್ಟೂ ಕೊಳ್ಳಲಿಲ್ಲ. ಟಿಕೆಟ್ ಮೇಲೆ ಅಡಲ್ಟ್ 1, ಚೈಲ್ಡ್ 1 ಅಂತ ಛಾಪಾಗಿತ್ತು. ಅದನ್ನೂ ಮಗಳ ಆಧಾರ್ ಕಾರ್ಡನ್ನೂ ಹಿಡಿದು ಸ್ಟೇಷನ್ ಮಾಸ್ಟರ್ ಹತ್ತಿರ ಹೋದೆ. "ಸರ, ಇದು ನಡೆಯೂದಿಲ್ಲ ಅಂದ್ರ ಯಾಕಂತ ಬರೆದು ಕೊಡ್ರಿ, ಇಲ್ಲಾ ದೂರು ಪುಸ್ತಕ ಕೊಡ್ರಿ" ಅಂದೆ. ಅವರು ಟಿಕೆಟ್ ತಿರುಗಿಸಿ ನೋಡಿ, ಕೌಂಟರಿಗೆ ಫೋನ್ ಮಾಡಿ, "ಜನರಲ್ ಐತಲ್ಲೋ, ಹೋಗಲಿ ಬಿಡು" ಅಂದರು. ಮುಗೀತು.

ಮಾಸ್ಟರ್ ಸಿಗದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಬಹುದು, ರೈಲ್ ಮದದ್ ಆ್ಯಪ್‌ನಲ್ಲಿ ಟಿಕೆಟ್ ಫೋಟೋ ಹಾಕಿ ದೂರೂ ಕೊಡಬಹುದು. ಮಗುವಿನ ವಯಸ್ಸಿನ ದಾಖಲೆ ಮಾತ್ರ ಜೊತೆಗಿರಲಿ.